ಮಲಗಿ ನೋಡಿದ ಹಾಸಿಗೆ

ಮೈಮುರಿದು ದುಡಿದು ಮನೆ ನಡೆಸುವವರನ್ನು ನೀವೆಲ್ಲ ಕಂಡಿದ್ದೀರಿ. ಮಲಗಿ ಮನೆ ನಡೆಸುವವರನ್ನು ಕಂಡಿದ್ದೀರಾ? ಆ ಓಣಿಯ ಕೊನೆಯ ಮನೆಯಲ್ಲಿ ಅಂಥವರೊಬ್ಬರಿದ್ದರು.

ಮನೆಯ ಮುಂಭಾಗದಲ್ಲಿ ಹತ್ತಿ ಹಾಸಿಗೆಯ ಕಾರ್ಖಾನೆ. ಕಾರ್ಖಾನೆ ಅಂದರೆ ಮಾತು ದೊಡ್ಡದಾಯಿತು. ಎರಡು ಉದ್ದನೆಯ ಕೋಣೆ, ಒಂದು ಹತ್ತಿ ಹಿಂಜುವ ಯಂತ್ರ, ಒಂದು ಹೊಲಿಗೆ ಯಂತ್ರ, ಅಷ್ಟೇ. ಹಿಂಭಾಗದಲ್ಲಿ ಅತ್ತೆ, ಮಗ, ಸೊಸೆ, ಅವರ ಮಗಳು ಇದ್ದ ಸಂಸಾರ. ಇವೆರಡರ ನಡುವೆ ಪಶ್ಚಿಮಕ್ಕೆ ಕಿಟಕಿಯಿದ್ದ ಒಂದು ಪುಟ್ಟ ಕೋಣೆ. ಹೊಲಿದು ಮುಗಿದ ಹಾಸಿಗೆಯನ್ನು ಆ ಕೋಣೆಯಲ್ಲಿ ಹಾಸುತ್ತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಅತ್ತೆ ಅದರ ಮೇಲೆ ಮಲಗುತ್ತಿದ್ದರು. ಹಿಂಜುವ ಕೋಣೆಯಿಂದ ತೇಲಿಬಂದ ಹತ್ತಿಯ ಎಳೆಗಳು ಕಿಟಕಿಯ ಬಿಸಿಲಲ್ಲಿ ಮೇಲೂ ಹೋಗದೆ ಕೆಳಗೂ ಬೀಳದೆ ನಿಂತಿರುತ್ತಿದ್ದವು. ನಾಲ್ಕು ಗಂಟೆಗೆ ಚಹಾದ ಹೊತ್ತಿಗೆ ಅತ್ತೆ ಎದ್ದು ಬಂದು ತಮಗೆ ಬಿದ್ದ ಕನಸನ್ನು ಹೇಳಬೇಕು. ಆ ಕನಸಿನ ಮೇಲೆ ಹಾಸಿಗೆ ಗಿರಾಕಿಗೆ ಹೋಗುತ್ತದೋ ಇಲ್ಲವೋ ತೀರ್ಮಾನ.

"ಇವತ್ತು ಒಂದು ಗುಡ್ಡ ಹತ್ತುತ್ತಿದ್ದೆ ಕಣಪ್ಪಾ. ಹತ್ತಿದಷ್ಟೂ ತುದಿ ಸಿಗಲಿಲ್ಲ."

"ತಲೆ ಕಡೆ ಹತ್ತಿ ಜಾಸ್ತಿ ಆಗಿದೆ ಅಮ್ಮಾ," ಎನ್ನುತ್ತಿದ್ದ ಮೋಡದಣ್ಣ. ಇಪ್ಪತ್ತೆರಡು ವರ್ಷದಿಂದ ಹಿಂಜುವ ಯಂತ್ರದ ಮುಂದೆ ನಿಂತವನು. ರೆಪ್ಪೆ, ಮೀಸೆ, ಕಿವಿಯ ಕೂದಲಿಗೆಲ್ಲ ಹತ್ತಿ ಅಂಟಿ ಮೋಡವೇ ನಡೆದು ಬಂದ ಹಾಗೆ ಕಾಣುತ್ತಿದ್ದುದರಿಂದ ಅವನಿಗೆ ಆ ಹೆಸರು. ಯಾರೋ ಬೆನ್ನಿಗೆ ಕಲ್ಲು ಹೊಡೆದ ಕನಸಾದರೆ ಒಳಗೆ ಗಂಟು ಉಳಿದಿದೆ ಎಂದು ಅರ್ಥ. ಹೊಳೆ ದಾಟುವ ಕನಸಾದರೆ ಹತ್ತಿ ಒಣಗಿಲ್ಲ, ಬಿಚ್ಚಿ ತಾರಸಿಗೆ ಹಾಕು. ಒಮ್ಮೆ, "ದೊಡ್ಡ ಊಟದ ಪಂಕ್ತೀಲಿ ಕೂತಿದ್ದೆ, ಬಡಿಸೋರೇ ಬರಲಿಲ್ಲ," ಎಂದುಬಿಟ್ಟರು. ಇಡೀ ಹಾಸಿಗೆ ಬಿಚ್ಚಿ ತಡಕಾಡಿದರೂ ಒಂದು ದೋಷ ಸಿಗಲಿಲ್ಲ. ಆಮೇಲೆ ಗೊತ್ತಾಯಿತು, ಅವತ್ತು ಅತ್ತೆ ಊಟವನ್ನೇ ಮರೆತು ಮಲಗಿದ್ದರು.

ಓಣಿಯವರು ಅವರನ್ನು ನಿದ್ದೆಮ್ಮ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆಯಲ್ಲ, ಮುಖಕ್ಕೇ. ಅತ್ತೆಗೆ ಬೇಸರವಿರಲಿಲ್ಲ. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನನಗೆ ನಿದ್ದೆಯೇ ಸಂತೆ," ಎಂದು ನಗುತ್ತಿದ್ದರು. ಈ ಪದ್ಧತಿಯನ್ನು ಶುರು ಮಾಡಿದ ಮಾವ ತೀರಿಕೊಂಡು ಏಳು ವರ್ಷವಾಗಿತ್ತು. ವಾರಕ್ಕೆ ಐದಾರು ಹಾಸಿಗೆ, ದಿನಕ್ಕೊಂದು ನಿದ್ದೆ. ಲೆಕ್ಕ ಸರಿಹೋಗುತ್ತಿತ್ತು.

ಸರಿಹೋಗದೆ ಇದ್ದದ್ದು ವ್ಯಾಪಾರ. ಪಕ್ಕದ ಬೀದಿಯಲ್ಲಿ ಫೋಮ್ ಹಾಸಿಗೆಯ ಅಂಗಡಿ ಬಂದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಜಾರಿದರು. ಕೊನೆಗೆ ಆ ಫೋಮ್ ಕಂಪನಿಯವರು ಈ ಮನೆಯ ಮಗನನ್ನೇ ಕರೆದರು. ಹಾಸಿಗೆಗಳನ್ನು ಲಾರಿಗೆ ಏರಿಸಿ ಇಳಿಸುವ ಕೆಲಸ, ತಿಂಗಳ ಸಂಬಳ.

"ಅಪ್ಪ ಕಟ್ಟಿದ್ದನ್ನ ಮುಚ್ಚಿ ಅವರ ಹಾಸಿಗೆ ಹೊರೋಕೆ ಹೋಗ್ತೀರಾ?" ಎಂದಳು ಸೊಸೆ.

"ಹೊರೋದಕ್ಕಾದರೂ ಸಂಬಳ ಇದೆ ಕಣೇ. ಇಲ್ಲಿ ಹೊಲಿದು ಗೋಡೆಗೆ ಒರಗಿಸೋದಕ್ಕೆ ಯಾರು ಕೊಡ್ತಾರೆ?"

ಅದೇ ವಾರ ವೃದ್ಧಾಶ್ರಮದಿಂದ ಕರೆ ಬಂತು. ಅರವತ್ತು ಹಾಸಿಗೆ, ಐದು ವಾರದಲ್ಲಿ. ಮೊದಲ ಹತ್ತನ್ನು ಹತ್ತು ದಿನದಲ್ಲಿ ಕೊಡಬೇಕು. ಅವು ಮೆಚ್ಚಿಗೆಯಾದರೆ ಉಳಿದ ಐವತ್ತು. ಇಲ್ಲದಿದ್ದರೆ ಫೋಮ್ ಕಂಪನಿಗೆ ಹೋಗುತ್ತದೆ, ಅವರು ಕಡಿಮೆ ದರ ಹೇಳಿದ್ದಾರೆ. ಫೋನಿನಲ್ಲಿ ಇಷ್ಟನ್ನೂ ಹೇಳಿದ ಆಶ್ರಮದ ಮೇಟ್ರನ್ ಧ್ವನಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನೆಟ್ಟಗಿತ್ತು. ಸೊಸೆ ಮನೆಯಲ್ಲಿ ಯಾರನ್ನೂ ಕೇಳದೆ, "ಆಗಲಿ, ನಾವೂ ಅದೇ ದರಕ್ಕೆ ಕೊಡ್ತೀವಿ," ಎಂದುಬಿಟ್ಟಳು.

ಅವತ್ತು ರಾತ್ರಿ ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ. ತಟ್ಟೆಗೆ ಕೈ ಹಾಕುವ ಮೊದಲೇ ಜಗಳ ಶುರುವಾಯಿತು.

"ಅದೇ ದರಕ್ಕಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಇದೆ. ಹಾಸಿಗೆ ಮಾಡೋರ ಮನೇಲೇ ಅದು ಗೊತ್ತಿಲ್ಲದ ಹಾಗಾಯ್ತಲ್ಲ!" ಎಂದ ಗಂಡ.

"ಖರ್ಚು ಕಡಿಮೆ ಮಾಡೋಣ. ಹನ್ನೆರಡು ಕೇಜಿ ಬದಲು ಹನ್ನೊಂದು ಕೇಜಿ ಹತ್ತಿ. ಮಾರ್ಕೆಟ್ಟಿನ ಹಿಂದೆ ಹೊಸ ವ್ಯಾಪಾರಿ ಬಂದಿದ್ದಾನೆ, ಅವನ ಹತ್ರ ದರ ಕಮ್ಮಿ. ಒಂದು ತೂಕದ ಯಂತ್ರ ತರೋಣ. ಪ್ರತಿಯೊಂದನ್ನೂ ತೂಗಿ ಕಳಿಸೋಣ." ಮದುವೆಗೆ ಮೊದಲು ಸೊಸೆ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಅಲ್ಲಿ ಪೊಟ್ಟಣಗಳು ಬೆಲ್ಟಿನ ಮೇಲೆ ಬರುತ್ತಿದ್ದವು, ತೂಕ ಸರಿಯಿದ್ದರೆ ಹಸಿರು ದೀಪ, ತಪ್ಪಿದರೆ ಕೆಂಪು ದೀಪ. ಆ ದೀಪಗಳ ಮೇಲೆ ಅವಳಿಗೆ ದೇವರಷ್ಟು ನಂಬಿಕೆ. "ತೂಕ ಸರಿ ಇದ್ದರೆ ಮಾಲು ಸರಿ," ಎಂದಳು.

"ಅಜ್ಜಿ ನಿದ್ದೆ?" ಎಂದಳು ಮಗಳು. ಹದಿನಾರರ ಹುಡುಗಿ, ಮನೆಯಲ್ಲಿ ಯಾರೂ ಕೇಳಬಾರದೆಂದು ಬಿಟ್ಟ ಪ್ರಶ್ನೆಯನ್ನೇ ಹುಡುಕಿ ಕೇಳುವವಳು.

ಸೊಸೆ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ, ತಲೆಯೆತ್ತದೆ ಹೇಳಿದಳು. "ಅತ್ತೆ, ಬೇಜಾರು ಮಾಡ್ಕೋಬೇಡಿ. ದಿನಕ್ಕೊಂದು ಅಂದ್ರೆ ಅರವತ್ತು ಹಾಸಿಗೆಗೆ ಅರವತ್ತು ದಿನ. ನಮಗಿರೋದು ಮೂವತ್ತೈದು. ಅದೂ ಅಲ್ಲದೆ ಆರರಲ್ಲಿ ಎರಡನ್ನ ಬಿಚ್ಚಿ ಮತ್ತೆ ಹೊಲೀತೀವಿ. ಹೊಲಿಗೆ ಕೂಲಿ ಎರಡು ಸಲ, ದಾರ ಎರಡು ಸಲ."

ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ಅನ್ನ ಕಲೆಸುತ್ತಿದ್ದರು. "ಅದಕ್ಕೇನಂತೆ ತಾಯಿ. ಎದ್ದೇ ಇರ್ತೀನಿ. ಎಚ್ಚರ ಇರೋದೇನು ಬ್ರಹ್ಮವಿದ್ಯೆಯಾ?" ಎಂದರು. ಸೊಸೆಗೆ ಸಮಾಧಾನವಾಯಿತು. ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ.

ತೂಕದ ಯಂತ್ರ ಬಂತು. ನೆಲಮಟ್ಟದ ಚೌಕ, ಕೆಂಪು ಅಂಕಿ. ಮೊದಲ ದಿನ ಎಲ್ಲರೂ ಹತ್ತಿ ನಿಂತು ತೂಗಿಕೊಂಡರು. ಮೋಡದಣ್ಣನನ್ನು ಹತ್ತಿಸಿ, "ಮೋಡ ಐವತ್ತೆಂಟು ಕೇಜಿ, ಇವತ್ತು ಮಳೆ ಇಲ್ಲ," ಎಂದಳು ಮಗಳು.

ಎಚ್ಚರವಾಗಿರುವ ಅತ್ತೆ ಎಷ್ಟು ಕಷ್ಟ ಎಂಬುದು ಮೂರೇ ದಿನದಲ್ಲಿ ತಿಳಿಯಿತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರಿಗೆ ಮಾಡಲು ಕೆಲಸವಿಲ್ಲ, ಕೂರಲು ಜಾಗವಿಲ್ಲ. ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಬೇರೆ ಸಾಲಿನಲ್ಲಿ ಇಟ್ಟರು; ಸೊಸೆ ಚಹಾಕ್ಕೆ ಸಕ್ಕರೆ ಎಂದು ಉಪ್ಪು ಹಾಕಿದಳು. ಮಗನ ಹೊಲಿಗೆಯ ಪಕ್ಕ ನಿಂತು, "ಆ ಕಡೆ ಸೊಟ್ಟ ಹೋಯ್ತು ನೋಡು," ಎಂದರು. ಎರಡನೇ ವಾರಕ್ಕೆ ಅದೂ ನಿಂತಿತು. ಅಡುಗೆಮನೆಯ ಸ್ಟೂಲಿನ ಮೇಲೆ ಬಟಾಣಿ ಬಿಡಿಸುತ್ತ ಕೂತವರು ಕಾಳನ್ನು ಕಸಕ್ಕೂ ಸಿಪ್ಪೆಯನ್ನು ಪಾತ್ರೆಗೂ ಹಾಕಿದ್ದರು. ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿ ಹೋಯಿತು. ಯಾರಾದರೂ ಕರೆದರೆ ಎಲ್ಲೋ ದೂರದ ಸ್ಟೇಷನ್ನಿನಿಂದ ಬರುವ ರೈಲಿನ ಹಾಗೆ ನಿಧಾನವಾಗಿ, "ಆಂ?" ಎನ್ನುತ್ತಿದ್ದರು.

"ಅಜ್ಜಿ, ನಿನಗೆ ರಾತ್ರಿಯಾದರೂ ಕನಸು ಬೀಳುತ್ತಾ?" ಮಗಳು ಕೇಳಿದಳು.

"ಬೀಳುತ್ತಮ್ಮಾ. ಆದರೆ ಕೇಳೋರು ಯಾರು?"

ಸೊಸೆಗೆ ಇದನ್ನೆಲ್ಲ ನೋಡಲು ಪುರಸೊತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವಳು ತೂಕದ ಯಂತ್ರದ ಪಕ್ಕ. ಹಾಸಿಗೆ ಬಂತು, ಹನ್ನೊಂದು. ಮತ್ತೊಂದು ಬಂತು, ಹನ್ನೊಂದು. ಶುರುವಿನಲ್ಲಿ ಒಂದೆರಡು ಹತ್ತಕ್ಕೆ ಇಳಿದಿದ್ದವು. "ಮೋಡದಣ್ಣಾ, ಹನ್ನೊಂದು ಕೇಜಿ ಹತ್ತಿ ತೂಗಿ ಕೊಟ್ಟಿದ್ದೆ. ಒಂದು ಕೇಜಿ ಎಲ್ಲಿ ಹೋಯ್ತು?" ಎಂದು ಅವಳು ಕೇಳಿದಾಗ ಅವನು ಮೀಸೆಯ ಹತ್ತಿ ಒರೆಸಿಕೊಂಡು ಹಿಂಜುವ ಯಂತ್ರದ ಕಡೆ ತಿರುಗಿದ್ದ. ಅವತ್ತಿನಿಂದ ಒಂದೂ ಕಡಿಮೆ ಬರಲಿಲ್ಲ. ಹತ್ತನೇ ದಿನ ಹತ್ತು ಹಾಸಿಗೆಗಳು ವ್ಯಾನಿನಲ್ಲಿ ಹೊರಟವು. ಬಿಚ್ಚಿ ಹೊಲಿದದ್ದು ಒಂದೂ ಇಲ್ಲ. ಸೊಸೆ ಅವತ್ತು ಮೊಟ್ಟೆ ಬೇಯಿಸಿ ಎಲ್ಲರಿಗೂ ಎರಡೆರಡು ಬಡಿಸಿದಳು.

"ಏನ್ರೀ, ಇನ್ನೂ ಲಾರಿ ಹತ್ತೋ ಆಸೆ ಇದೆಯಾ?"

"ಇಲ್ಲ ಮಹಾರಾಯ್ತಿ. ನೀನೇ ಗೆದ್ದೆ," ಎಂದು ಗಂಡ ಎರಡನೇ ಮೊಟ್ಟೆಗೆ ಉಪ್ಪು ಸವರಿಕೊಂಡ. ಕಂಪನಿಗೆ ಮಾತ್ರ ಬರುವುದಿಲ್ಲ ಎಂದು ಇನ್ನೂ ಹೇಳಿರಲಿಲ್ಲ. ಮೋಡದಣ್ಣ ತನ್ನ ಪಾಲಿನ ಮೊಟ್ಟೆಗಳನ್ನು ಮನೆಗೆ ಕಟ್ಟಿಸಿಕೊಂಡು ಹೋದ.

ಒಂಬತ್ತು ದಿನ ಕಳೆದ ಮೇಲೆ ಅದೇ ವ್ಯಾನು ಹತ್ತೂ ಹಾಸಿಗೆಗಳನ್ನು ಹೊತ್ತು ವಾಪಸು ಬಂತು. ಮುಂದಿನ ಸೀಟಿನಿಂದ ಮೇಟ್ರನ್ ಇಳಿದರು. ಧ್ವನಿಯ ಹಾಗೆಯೇ ಆಳೂ ನೆಟ್ಟಗಿದ್ದರು.

"ಕೈ ಇಟ್ಟು ನೋಡಿ," ಎಂದರು.

ಸೊಸೆ ಕೈಯಿಟ್ಟಳು. ನಡುವೆ ಹಾಸಿಗೆ ತಗ್ಗು ಬಿದ್ದಿತ್ತು. ಹತ್ತಿ ಉಂಡೆಯುಂಡೆಯಾಗಿ ಅಂಚಿಗೆ ಸರಿದಿತ್ತು. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು.

"ನಮ್ಮಲ್ಲಿ ಒಬ್ಬರು ತಾತ ಇದ್ದಾರೆ, ಬಸ್ ಕಂಡಕ್ಟರ್ ಆಗಿದ್ದೋರು. ಮೂರು ದಿನದಿಂದ ನೆಲದ ಮೇಲೆ ಮಲಗ್ತಿದ್ದಾರೆ. ಯಾಕೆ ಅಂದ್ರೆ, ಬಾವಿ ಒಳಗೆ ಮಲಗಿದ ಹಾಗಾಗುತ್ತೆ ಅಂತಾರೆ. ಎಪ್ಪತ್ತೊಂಬತ್ತು ವರ್ಷದ ಮನುಷ್ಯರು, ನೆಲದ ಮೇಲೆ!" ಮೇಟ್ರನ್ ವ್ಯಾನಿನ ಬಾಗಿಲು ತೆಗೆದರು. "ಎಂಟು ದಿನ ಕೊಡ್ತೀನಿ. ಒಂದು, ಒಂದೇ ಒಂದು ಸರಿಯಾದ ಹಾಸಿಗೆ ಮಾಡಿ ತೋರಿಸಿ. ಇಲ್ಲ ಅಂದ್ರೆ ನಮಸ್ಕಾರ."

ವ್ಯಾನು ಹೋದ ಮೇಲೆ ಗಂಡ ಮೋಡದಣ್ಣನ ಮೇಲೆ ಹರಿಹಾಯ್ದ. "ಇಪ್ಪತ್ತೆರಡು ವರ್ಷದಿಂದ ಮಾಡಿದ ಕೆಲಸ ಮರೆತುಹೋಯ್ತಾ ನಿನಗೆ? ಹತ್ತಿ ಒಣಗಿಸಿದೆಯಾ ಇಲ್ಲವಾ?"

"ಇಲ್ಲ."

"ಇಲ್ಲ ಅಂತಾನಲ್ಲಪ್ಪಾ! ಯಾಕೆ?"

ಮೋಡದಣ್ಣ ತೂಕದ ಯಂತ್ರದ ಕಡೆ ಬೆರಳು ತೋರಿಸಿದ. "ಹೊಸ ವ್ಯಾಪಾರಿ ಹತ್ತಿ ಹಸಿ ಇರುತ್ತೆ ಸ್ವಾಮಿ. ತಾರಸಿ ಮೇಲೆ ಎರಡು ದಿನ ಹಾಕಿದ್ರೆ ಹನ್ನೊಂದು ಇದ್ದದ್ದು ಹತ್ತಾಗುತ್ತೆ. ಶುರುವಲ್ಲಿ ಹಾಕಿದ್ದೆ. ಅಕ್ಕ ಬಂದು, ಒಂದು ಕೇಜಿ ಎಲ್ಲಿ ಹೋಯ್ತು ಅಂತ ಕೇಳಿದ್ರು. ಇಪ್ಪತ್ತೆರಡು ವರ್ಷದಲ್ಲಿ ಈ ಮನೇಲಿ ನನ್ನನ್ನ ಯಾರೂ ಹಾಗೆ ಕೇಳಿರಲಿಲ್ಲ." ಅವನು ಕಣ್ಣೊರೆಸಿಕೊಂಡ, ಹತ್ತಿಯೂ ನೀರೂ ಸೇರಿ ಕೆನ್ನೆಯ ಮೇಲೆ ಬಿಳಿ ಗೆರೆಯಾಯಿತು. "ಒಣಗಿಸೋದು ಬಿಟ್ಟೆ. ಯಂತ್ರಕ್ಕೆ ಖುಷಿ ಆಯ್ತು, ಅಕ್ಕನಿಗೂ ಖುಷಿ ಆಯ್ತು."

ಸೊಸೆಯ ಮುಖಕ್ಕೆ ರಕ್ತ ನುಗ್ಗಿತು. ಕದ್ದೆಯಾ ಎಂದು ಅವಳು ಕೇಳಿರಲಿಲ್ಲ. ಆದರೆ ಅವನಿಗೆ ಕೇಳಿಸಿದ್ದು ಅದೇ.

"ನಾಳೆಯೇ ಕಂಪನಿಗೆ ಬರ್ತೀನಿ ಅಂತ ಹೇಳಿಬಿಡ್ತೀನಿ," ಎಂದ ಗಂಡ. "ಅಮ್ಮ ಮಲಗಿ ನೋಡಿದ್ದಿದ್ದರೆ ಮೊದಲನೇ ದಿನವೇ ಹೊಳೆ ದಾಟಿರೋರು."

"ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ತಿದ್ದೀರಾ? ಅವತ್ತು ಬಾಯಿಗೆ ಹತ್ತಿ ತುರುಕಿಕೊಂಡಿದ್ರಾ?" ಎಂದು ಸೊಸೆ ರೇಗಿದಳು. ರೇಗಿ ಒಳಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಆ ರಾತ್ರಿಯ ಊಟವನ್ನು ಮಗಳೊಬ್ಬಳೇ ಮಾಡಿದಳು, ಅದೂ ಅರ್ಧ.

ಮಾರನೆಯ ದಿನ ಮಧ್ಯಾಹ್ನ ಸೊಸೆ ವಾಪಸು ಬಂದ ಹಾಸಿಗೆಯೊಂದನ್ನು ಪುಟ್ಟ ಕೋಣೆಗೆ ಎಳೆದು ಹಾಸಿದಳು. ಅತ್ತೆಯ ಮುಂದೆ ಹೋಗಿ ನಿಂತು, "ಅತ್ತೆ, ಒಂದು ಸಲ ಮಲಗಿ ನೋಡಿ. ಏನೇನು ತಪ್ಪಾಗಿದೆ ಅಂತ ಪೂರ್ತಿ ಗೊತ್ತಾಗಬೇಕು," ಎಂದಳು.

ಅತ್ತೆ ಮರುಮಾತಿಲ್ಲದೆ ಹೋಗಿ ಮಲಗಿದರು. ಗಡಿಯಾರ ಎರಡೂವರೆ ಹೊಡೆಯಿತು, ಮೂರು ಹೊಡೆಯಿತು. ಅತ್ತೆ ಕಣ್ಣು ಬಿಟ್ಟುಕೊಂಡೇ ಸೂರು ನೋಡುತ್ತಿದ್ದರು.

"ಬರ್ತಾ ಇಲ್ಲ ಕಣಮ್ಮಾ. ನಿದ್ದೆ ಏನು ನಲ್ಲಿ ನೀರಾ, ತಿರುಗಿಸಿದ ತಕ್ಷಣ ಬರೋಕೆ? ಮೂರು ವಾರ ಕಟ್ಟಿಹಾಕಿದ್ದೆ. ಮುನಿಸಿಕೊಂಡು ಹೋಗಿದೆ." ಅವರು ಎದ್ದು ಕೂತರು. "ನೀನು ಮಲಗು."

"ನಾನಾ? ಅಡುಗೆಮನೇಲಿ ಪಾತ್ರೆ ಹಾಗೇ ಬಿದ್ದಿದೆ."

"ಬಿದ್ದಿರಲಿ. ಪಾತ್ರೆಗೆ ಕಾಲಿಲ್ಲ. ಮಲಗು."

ಸೊಸೆ ಮಲಗಿದಳು. ಈ ಮನೆಗೆ ಬಂದು ಹದಿನೆಂಟು ವರ್ಷದಲ್ಲಿ ಹಗಲು ಹೊತ್ತು ಬೆನ್ನು ನೆಲಕ್ಕೆ ಹಚ್ಚಿದ್ದು ಬಾಣಂತನದಲ್ಲಿ ಮಾತ್ರ. ಕಿಟಕಿಯ ಬಿಸಿಲಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಒಂದನ್ನು ನೋಡುತ್ತ ನೋಡುತ್ತ ಅವಳು ಅದರ ಜೊತೆಗೇ ಎಲ್ಲೋ ಹೋದಳು. ಬಿಸ್ಕತ್ತು ಕಾರ್ಖಾನೆಯ ಬೆಲ್ಟು ನೀರಿನ ಅಡಿಯಲ್ಲಿ ಓಡುತ್ತಿತ್ತು. ಪೊಟ್ಟಣದ ಬದಲು ಸಣ್ಣ ಸಣ್ಣ ಹಾಸಿಗೆಗಳು, ಪ್ರತಿಯೊಂದರ ಮೇಲೂ ಒಬ್ಬೊಬ್ಬ ಮುದುಕರು ಅಂಗಾತ ಮಲಗಿದ್ದರು. ಎಲ್ಲರಿಗೂ ಹಸಿರು ದೀಪ ಹತ್ತುತ್ತಿತ್ತು. "ಸರಿ ಇದೆ, ಸರಿ ಇದೆ," ಎಂದು ಅವಳು ಹೇಳುತ್ತಲೇ ಇದ್ದಳು. ಅವರು ಒಬ್ಬೊಬ್ಬರಾಗಿ ಮುಳುಗುತ್ತಲೇ ಇದ್ದರು.

ಬೆಚ್ಚಿ ಎದ್ದಾಗ ರವಿಕೆಯ ಬೆನ್ನು ತಣ್ಣಗಿತ್ತು. ಅತ್ತೆ ಪಕ್ಕದಲ್ಲಿ ಕೂತು ಹಳೆಯ ರಟ್ಟಿನಿಂದ ಗಾಳಿ ಹಾಕುತ್ತಿದ್ದರು. ಕನಸನ್ನು ಹೇಳಿದಾಗ, "ನೋಡು, ನಿನಗೂ ಬಂತು ವಿದ್ಯೆ," ಎಂದು ನಕ್ಕರು.

"ಅತ್ತೆ, ನಾನು ತಪ್ಪು ಮಾಡಿದೆ. ಮಾವನವರಿಗೆ ಹಾಸಿಗೆ ಬಗ್ಗೆ ಎಷ್ಟು ಗೊತ್ತಿತ್ತು! ನಿಮ್ಮನ್ನ ಮಲಗಿಸಿ ನೋಡೋ ಪದ್ಧತಿ ಮಾಡಿದ್ದರು. ನಾನು ಅದನ್ನ ದಂಡ ಅಂದುಕೊಂಡೆ."

ಅತ್ತೆ ರಟ್ಟು ಕೆಳಗಿಟ್ಟರು.

"ಯಾರಿಗೂ ಹೇಳಿಲ್ಲ, ನಿನಗೆ ಹೇಳ್ತೀನಿ. ನಾನು ಈ ಮನೆಗೆ ಬಂದಾಗ ನನಗೆ ಹತ್ತೊಂಬತ್ತು. ಬೆಳಗ್ಗೆ ನಾಲ್ಕಕ್ಕೆ ಏಳಬೇಕು. ಎಂಟು ಜನರ ಅಡುಗೆ, ಪಾತ್ರೆ, ಬಟ್ಟೆ, ಆಮೇಲೆ ದಬ್ಬಳ ಹಿಡಿದು ಹಾಸಿಗೆಗೆ ಹೊಲಿಗೆ ಹಾಕೋದು. ನಮ್ಮ ಅತ್ತೆ, ಹಗಲು ಹೊತ್ತು ಹೆಂಗಸು ಕಣ್ಣು ಮುಚ್ಚಿದರೆ ಮನೆ ಮುಳುಗುತ್ತೆ ಅನ್ನೋರು. ನಿನ್ನ ಗಂಡ ಹೊಟ್ಟೇಲಿದ್ದಾಗ ಒಂದಿನ ಹೊಲೀತಾ ಹೊಲೀತಾ ಹಾಸಿಗೆ ಮೇಲೇ ಬಿದ್ದು ನಿದ್ದೆ ಹೋಗಿಬಿಟ್ಟೆ. ಕಣ್ಣು ಬಿಟ್ಟರೆ ಅತ್ತೆ ಎದುರಿಗೇ ನಿಂತಿದ್ದಾರೆ! ಜೀವ ಬಾಯಿಗೆ ಬಂತು. ಅಷ್ಟರಲ್ಲಿ ನಿನ್ನ ಮಾವ ಒಳಗೆ ಬಂದವರೇ, 'ನಾನೇ ಮಲಗಿ ನೋಡು ಅಂದಿದ್ದೆ ಅಮ್ಮಾ. ಇನ್ಮೇಲೆ ಮಲಗಿ ನೋಡದೆ ಒಂದು ಹಾಸಿಗೇನೂ ಮಾರಲ್ಲ,' ಅಂದುಬಿಟ್ಟರು. ಅವರ ಅಮ್ಮನ ಮುಂದೆ ಅವರು ಹೇಳಿದ ಮೊದಲನೇ ಸುಳ್ಳು. ಕಿವಿ ಕೆಂಪಾಗಿತ್ತು ಪಾಪ."

ಸೊಸೆ ಹತ್ತಿರ ಸರಿದಳು. "ಮತ್ತೆ ಕನಸು?"

"ಮಲಗಿ ಏನು ಕಂಡೆ ಹೇಳು ಅಂದರು ಅತ್ತೆ. ಏನಾದರೂ ಹೇಳಬೇಕಲ್ಲ? ಹೊಳೆ ದಾಟ್ತಿದ್ದೆ ಅಂದೆ. 'ನೋಡಿದೆಯಾ ಅಮ್ಮಾ, ಹತ್ತಿ ಒಣಗಿಲ್ಲ ಅಂತ ಅರ್ಥ,' ಅಂದರು ಇವರು. ಬಿಚ್ಚಿ ನೋಡಿದರೆ ನಿಜವಾಗಿಯೂ ಹಸಿ! ಇಬ್ಬರೂ ರಾತ್ರಿಯೆಲ್ಲ ಬಾಯಿಗೆ ಹೊದಿಕೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲಾಮೇಲೆ ಬೆನ್ನೇ ಕಲಿತುಬಿಡ್ತು. ಹೊತ್ತುಮುಳುಗೋವರೆಗೂ ದುಡಿಯೋಕೆ ಆ ಎರಡು ಗಂಟೆಯಿಂದಲೇ ತ್ರಾಣ ಬರ್ತಿತ್ತು. ನಿದ್ದೆಗೆ ಲೆಕ್ಕ ಕೊಡೋಕೆ ಕನಸು ಹೇಳ್ತಾ ಹೇಳ್ತಾ ನಲವತ್ತು ವರ್ಷ ಕಳೆದುಹೋಯ್ತು."

ಸೊಸೆಯ ಕಣ್ಣು ತುಂಬಿತು. ಹಾಸಿಗೆಯ ಖರ್ಚು ಎಂದು ಅವಳು ಕತ್ತರಿಸಿ ಹಾಕಿದ್ದು ಒಬ್ಬ ಗಂಡ ತನ್ನ ಹೆಂಡತಿಗೆ ಉಪಾಯವಾಗಿ ಕೊಟ್ಟ ವಿಶ್ರಾಂತಿಯನ್ನು. ಅದನ್ನು ಕಿತ್ತುಕೊಂಡಾಗ ಅತ್ತೆ ಒಂದು ಎದುರುಮಾತೂ ಆಡಿರಲಿಲ್ಲ.

ಎಂಟು ದಿನದಲ್ಲಿ ಒಂದು ದಿನ ಹೋಗಿತ್ತು. ಸೊಸೆ ಸೆರಗು ಬಿಗಿದು ಮೊದಲು ಮೋಡದಣ್ಣನ ಮುಂದೆ ಹೋಗಿ ನಿಂತಳು. "ಅವತ್ತು ಕೇಳಿದ್ದು ತಪ್ಪಾಯ್ತು ಮೋಡದಣ್ಣಾ. ನೀನೇ ಹೇಳು, ಹೇಗೆ ಮಾಡೋಣ? ದರ ಹೆಚ್ಚಾಗಬಾರದು, ಹಾಸಿಗೆ ಕೆಡಬಾರದು."

ಮೋಡದಣ್ಣ ಯೋಚಿಸಿದ. "ಯಂತ್ರ ಇರಲಿ ಅಕ್ಕಾ. ಅದೇನು ಪಾಪ ಮಾಡಿದೆ? ಹತ್ತಿ ಒಣಗಿದ ಮೇಲೆ ತೂಗಿ. ವ್ಯಾಪಾರಿಗೂ ಒಣಗಿದ ತೂಕಕ್ಕೇ ದುಡ್ಡು ಕೊಡಿ. ನೀರಿಗೆ ಯಾಕೆ ದುಡ್ಡು ಕೊಡ್ತೀರಿ?"

ಸೊಸೆ ಹಣೆ ಬಡಿದುಕೊಂಡಳು. ಮೂರು ವಾರದಿಂದ ಹತ್ತಿಯ ದರಕ್ಕೆ ನೀರು ಕೊಂಡಿದ್ದಳು! ಒಣಗಿದ ಹತ್ತಿ ಹನ್ನೊಂದು ಕೇಜಿ ಸಾಕೆಂದು ಮೋಡದಣ್ಣನೇ ಒಪ್ಪಿದ. ಬಟ್ಟೆಯ ಅಗಲವನ್ನು ಮತ್ತೆ ಅಳೆದು, ಎರಡು ಗವಸುಗಳನ್ನು ಪಕ್ಕಪಕ್ಕ ಕತ್ತರಿಸಿದರೆ ಮೊಳದಷ್ಟು ಉಳಿಯುತ್ತದೆ ಎಂದು ಗಂಡ ಕಂಡುಹಿಡಿದ. ಲಾರಿಯ ಮಾತು ಅವನ ಬಾಯಲ್ಲಿ ಆಮೇಲೆ ಬರಲಿಲ್ಲ. ಹಿಂಜಿದ ಮೇಲೆ ಗಂಟು ಉಳಿದಿದೆಯೇ ಎಂದು ಹೊಲಿಯುವ ಮೊದಲೇ ಕೈಯಾಡಿಸಿ ನೋಡುವ ಕೆಲಸ ಅತ್ತೆಗೆ ಬಂತು. ಹೊಲಿದು ಬಿಚ್ಚುವ ಬದಲು ಬಿಚ್ಚದ ಹಾಗೆ ಹೊಲಿಯುವುದು ಅಗ್ಗ ಎಂದು ಆ ಮನೆಗೆ ಆಗ ಹೊಳೆಯಿತು.

ಮಲಗುವುದನ್ನೂ ಬಿಡಲಿಲ್ಲ. ಆರರಲ್ಲಿ ಒಂದು ಹಾಸಿಗೆ. ಯಾವುದು ಎಂದು ಹೊಲಿಗೆ ಮುಗಿದ ಮೇಲೆ ಮಗಳು ಕಣ್ಣು ಮುಚ್ಚಿಕೊಂಡು ಮುಟ್ಟಬೇಕು. ಮಾಡುವವರಿಗೆ ಮೊದಲೇ ಗೊತ್ತಾಗಬಾರದು. ಮಲಗುವ ಸರದಿ ಎಲ್ಲರದು. ಮೊದಲ ಸರದಿ ಮೋಡದಣ್ಣನಿಗೆ ಬಂತು. ಅವನು ಕೈಕಾಲು ತೊಳೆದು ಬಂದು, ಹಾಸಿಗೆಯ ಅಂಚಿನಲ್ಲಿ ಸಂಕೋಚದಿಂದ ಕೂತ. ಸಾವಿರಾರು ಹಾಸಿಗೆ ಮಾಡಿದವನು ಒಂದರ ಮೇಲೂ ಮಲಗಿರಲಿಲ್ಲ; ಮನೆಯಲ್ಲಿ ಅವನದು ಚಾಪೆ. ನಾಲ್ಕಕ್ಕೆ ಎದ್ದು ಬಂದು, "ಎಡಗಡೆ ಸೊಂಟದ ಹತ್ತಿರ ತೆಳು. ನಾಚಿಕೆ ಆಯ್ತು, ಬಿಚ್ಚಿಕೊಡಿ," ಎಂದ.

ಎಂಟನೇ ದಿನ ಮೇಟ್ರನ್ ಬಂದರು. ಒಬ್ಬರೇ ಬರಲಿಲ್ಲ, ಆ ಕಂಡಕ್ಟರ್ ತಾತನನ್ನೂ ಕರೆತಂದರು. ತಾತ ಕೋಲು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಹಾಸಿಗೆಯನ್ನು ಮೂಸಿ ನೋಡಿ, ಮೂರು ಕಡೆ ಒತ್ತಿ ನೋಡಿ ಮಲಗಿದರು. ಐದು ನಿಮಿಷ ಗೊಣಗಿದರು. ಹತ್ತನೇ ನಿಮಿಷಕ್ಕೆ ಗೊರಕೆ ಕೇಳಿಸಿತು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಮೋಡದಣ್ಣ ಯಂತ್ರ ನಿಲ್ಲಿಸಿದ. ಮೇಟ್ರನ್ ವಾಚು ನೋಡಿಕೊಳ್ಳುತ್ತ ಹತ್ತಿಯ ಮೂಟೆಯ ಮೇಲೆ ಕೂತವರು ಅಲ್ಲೇ ತೂಕಡಿಸಿದರು. ಮನೆಗೆ ಮನೆಯೇ ತುದಿಗಾಲಲ್ಲಿ ಓಡಾಡಿತು.

ತಾತ ಎದ್ದು, "ಯಾವ ಸ್ಟಾಪು ಇದು?" ಎಂದು ಸುತ್ತ ನೋಡಿದರು. ಆಮೇಲೆ ನೆನಪಾಗಿ, "ನಾನು ಇಳಿಯಲ್ಲಮ್ಮಾ. ನೀವು ಹೋಗಿ," ಎಂದು ಮೇಟ್ರನ್‌ಗೆ ಹೇಳಿ ಮಗ್ಗುಲು ಬದಲಿಸಿದರು.

ಮೇಟ್ರನ್ ಮೊದಲ ಸಲ ನಕ್ಕರು. ಆದರೂ ಲೆಕ್ಕದ ಮನುಷ್ಯರು. "ಫೋಮಿನವರು ಇನ್ನೂ ಸ್ವಲ್ಪ ಇಳಿಸ್ತೀವಿ ಅಂತಿದ್ದಾರಲ್ಲ?" ಎಂದರು.

"ಇಳಿಸಲಿ," ಎಂದಳು ಸೊಸೆ. "ಅವರದು ತಗ್ಗು ಬಿದ್ದರೆ ಎಸೀಬೇಕು. ನಮ್ಮದನ್ನ ಮೂರು ವರ್ಷಕ್ಕೊಮ್ಮೆ ಕಳಿಸಿ, ಬಿಚ್ಚಿ ಹಿಂಜಿ ಒಣಗಿಸಿ ಹೊಸದು ಮಾಡಿ ಕೊಡ್ತೀವಿ. ಕೂಲಿ ಮಾತ್ರ ಕೊಡಿ. ದರದಲ್ಲಿ ಇನ್ನು ಒಂದು ಕಾಸೂ ಇಳಿಸೋಕಾಗಲ್ಲ. ಇಳಿಸಿದರೆ ತಾತ ಮತ್ತೆ ನೆಲದ ಮೇಲೆ ಮಲಗ್ತಾರೆ."

ಅರವತ್ತೂ ಸಿಕ್ಕವು. ಸಮಯ ಐದು ವಾರದಿಂದ ಒಂಬತ್ತಕ್ಕೆ ಹೋಯಿತು.

ಮುಂದಿನ ವಾರದ ಒಂದು ಮಧ್ಯಾಹ್ನ. ಅವತ್ತು ಸರದಿಯ ಹಾಸಿಗೆ ಇರಲಿಲ್ಲ. ಅತ್ತೆ ಬೆಳಗಿನಿಂದ ಗಂಟು ಹುಡುಕಿ ಹುಡುಕಿ ಸ್ಟೂಲಿನ ಮೇಲೆ ಕೂತಿದ್ದರು, ಕೈ ಮಡಿಲಲ್ಲಿ, ಕಣ್ಣು ಬಾಗಿಲಲ್ಲಿ. ಸೊಸೆ ಪುಟ್ಟ ಕೋಣೆಯಲ್ಲಿ ಹಾಸಿಗೆ ಹಾಸಿ, ಮೇಲೊಂದು ಒಗೆದ ಹೊದಿಕೆ ಹರಡಿ ಬಂದು ಕರೆದಳು.

"ಅತ್ತೆ, ಬನ್ನಿ."

ಅತ್ತೆ ಬಂದು ನೋಡಿದರು. "ಇವತ್ತು ಸರದಿ ಇಲ್ಲವಲ್ಲಮ್ಮಾ. ಇದರಲ್ಲೇನು ಸಂಶಯ ಬಂತು ನಿನಗೆ?"

"ಏನೂ ಸಂಶಯ ಇಲ್ಲ. ಇದು ಮಾರೋದೂ ಅಲ್ಲ. ಇದು ಇನ್ನು ಇಲ್ಲೇ ಇರುತ್ತೆ."

"ಮತ್ತೆ ಯಾಕೆ?"

"ನಿಮಗೆ ಸುಸ್ತಾಗಿದೆ. ಮಲಗಿ."

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಏನೋ ತಪ್ಪು ಮಾಡಲು ಹೊರಟವರ ಹಾಗೆ ಧ್ವನಿ ತಗ್ಗಿಸಿ ಕೇಳಿದರು, "ಎದ್ದ ಮೇಲೆ ಏನು ಹೇಳಲಿ?"

ಸೊಸೆ ಅತ್ತೆಯ ಕೈ ಹಿಡಿದು ಹಾಸಿಗೆಯ ಮೇಲೆ ಕೂರಿಸಿದಳು.

"ಏನೂ ಹೇಳಬೇಡಿ ಅತ್ತೆ. ಈ ನಿದ್ದೆ ನಿಮ್ಮದು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಮೊಣಕಾಲು ಮಡಚಿ, ಗೋಡೆಯ ಕಡೆ ತಿರುಗಿ ಮಲಗಿದರು. ನಾಲ್ಕು ಗಂಟೆಗೆ ಚಹಾ ಆಯಿತು. ಎಬ್ಬಿಸಲು ಹೊರಟ ಮಗಳನ್ನು ಸೊಸೆ ತಡೆದಳು. ಐದಾಯಿತು, ಐದೂವರೆಯಾಯಿತು, ಒಳಗಿನಿಂದ ಸಣ್ಣ ಗೊರಕೆ ಬರುತ್ತಲೇ ಇತ್ತು. ಆ ಮನೆಯಲ್ಲಿ ಅವತ್ತು ಯಾರೂ ಅವರನ್ನು ಕೂಗಲಿಲ್ಲ.